ನಿತ್ಯಪುಷ್ಪದ ಆರೈಕೆ
ಮಳೆ ಜೋರಾದ್ದರಿಂದ ತಾರಸಿಯ ನಿತ್ಯಪುಷ್ಪದ ಕುಂಡಗಳನ್ನು ಇಂದು ಸಜ್ಜೆಯ ಕೆಳಗೆ ಸರಿಸಿದೆ. ಎಂಥ ಬಿಸಿಲಿಗೂ ಬಗ್ಗದ ಈ ಗಿಡ, ಬುಡದಲ್ಲಿ ನೀರು ನಿಂತರೆ ಬೇರು ಕೊಳೆತು ಕೆಲವೇ ದಿನಗಳಲ್ಲಿ ಸೊರಗಿಬಿಡುತ್ತದೆ. ನಮ್ಮ ಅಂಗಳದ್ದೇ ಎನಿಸುವ ಇದರ ತವರು ಆಫ್ರಿಕಾದ ಮಡಗಾಸ್ಕರ್. ಮಕ್ಕಳ ರಕ್ತ ಕ್ಯಾನ್ಸರ್‌ಗೆ ಕೊಡುವ, 1963ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ವಿನ್‌ಕ್ರಿಸ್ಟಿನ್ ಔಷಧದ ಮೂಲ ಇದೇ ಎಲೆ ಎಂದು ತಿಳಿದ ಮೇಲೆ, ಕುಡಿ ಚಿವುಟುವಾಗಲೂ ಕೈ ಒಂದು ಕ್ಷಣ ತಡೆಯುತ್ತದೆ. ಆದರೆ ಸಕ್ಕರೆ ಕಾಯಿಲೆಗೆಂದು ಹಸಿ ಎಲೆಯನ್ನೇ ಜಗಿಯುವವರನ್ನು ಕಂಡರೆ ಆತಂಕವಾಗುತ್ತದೆ, ಏಕೆಂದರೆ ಈ ಗಿಡ ವಿಷಕಾರಿಯೂ ಹೌದು. ಜೋಡಿ ಕೋಡುಗಳು ಈಗ ಹಳದಿಗೆ ತಿರುಗುತ್ತಿವೆ. ಒಡೆದು ಕಪ್ಪು ಬೀಜ ಚೆಲ್ಲುವ ಮೊದಲೇ ಬಿಡಿಸಿಕೊಂಡು, ಮರಳು ಬೆರೆಸಿದ ಮಣ್ಣಿನಲ್ಲಿ ಬಿತ್ತಿ, ಬೆಳಕು ತಾಗದಂತೆ ತೆಳುವಾಗಿ ಮುಚ್ಚಿದರೆ ಚೆನ್ನಾಗಿ ಮೊಳೆಯುತ್ತವೆ. ಬೀಜ ಬೇಕಾದ ಸ್ನೇಹಿತರು ತಿಳಿಸಿ.