ಪಂಕ್ಚರ್ ಅಂಗಡಿ ಗಾಳಿಯಲ್ಲಿ ಮಾಖ್ ಡಿಸ್ಕ್: ಐದನೇ ವಾರ

ಮಾಖ್ ಡಿಸ್ಕ್ ಸಿಕ್ಕಿತು. ಶಬ್ದಕ್ಕಿಂತ ಜೋರಾಗಿ ನುಗ್ಗುವ ಗಾಳಿ ಒಂದೇ ಏಟಿಗೆ ನಿಧಾನವಾಗುವ, ತಟ್ಟೆಯಂಥ ತೆಳು ಆಘಾತದ ಪದರ ಅದು. ಶನಿವಾರ ರಾತ್ರಿ ಹತ್ತೂವರೆಗೆ, ದಾವಣಗೆರೆ ಪಿ.ಬಿ. ರಸ್ತೆ ಪಕ್ಕದ ಪಂಕ್ಚರ್ ಅಂಗಡಿಯ ಹಿಂದಿನ ಕೋಣೆಯಲ್ಲಿ. ಫೋನಿನ ಪರದೆ ಮೇಲೆ ಒಂದು ಚಿಕ್ಕ ಕಪ್ಪು ಅಡ್ಡಗೆರೆ, ಅಷ್ಟೇ. ನಾನು ಕೂಗಿದ ರಭಸಕ್ಕೆ ಅಂಗಡಿಯ ಚಾಚಾ ಪಾನಾ ಹಿಡಿದುಕೊಂಡೇ ಓಡಿ ಬಂದರು.

ವ್ಯವಸ್ಥೆ ಹಳೆಯದೇ. 1200 ಮಿಮೀ ಫೋಕಸ್‌ನ ಟೆಲಿಸ್ಕೋಪ್ ಕನ್ನಡಿ, 2400 ಮಿಮೀ ದೂರದಲ್ಲಿ ಸೂಜಿತೂತಿನ ಹಿಂದೆ ಎಲ್‌ಇಡಿ, ಪಕ್ಕದಲ್ಲಿ ಶೇವಿಂಗ್ ಬ್ಲೇಡು, ಅದರ ಹಿಂದೆ ಫೋನು. ಕನ್ನಡಿ ಮುಂದೆ ಲೇತ್‌ನಲ್ಲಿ ಕೊರೆಸಿದ 2 ಮಿಮೀ ತೂತಿನ ಹಿತ್ತಾಳೆ ನಾಜಲ್. ಗಾಳಿ ದಟ್ಟವಾಗುವ, ತೆಳುವಾಗುವ ಕಡೆ ಬೆಳಕು ಚೂರು ಬಾಗುತ್ತದೆ. ಬಾಗಿದ್ದು ಬ್ಲೇಡಿಗೆ ಬಡಿದರೆ ಕಪ್ಪು, ತಪ್ಪಿಸಿಕೊಂಡರೆ ಬಿಳಿ. ಕಾಣದ ಗಾಳಿಯನ್ನು ಹೀಗೆ ಕಾಣಿಸುವ ಶ್ಲೀರನ್ ವಿಧಾನ ಅಂದರೆ ಇಷ್ಟೇ. ಹೋದ ವಾರ ಒಂದೇ ಜೆಟ್ (ನಾಜಲ್‌ನಿಂದ ನುಗ್ಗುವ ಗಾಳಿಯ ಧಾರೆ) ಎರಡೆರಡಾಗಿ ಕಾಣುತ್ತಿತ್ತು, ಅದಕ್ಕೆ 45 ಡಿಗ್ರಿಗೆ ಒಂದು ಗಾಜಿನ ತುಂಡು ನಿಲ್ಲಿಸಿದೆ. ಬೆಳಕು ಹೋಗುವ ದಾರಿ, ಬರುವ ದಾರಿ ಒಂದೇ ಆಯಿತು. ಜೋಡಿ ಚಿತ್ರ ಹೋಯಿತು.

ಹಾಗಾದ್ರೆ ಇಷ್ಟು ದಿನ ಡಿಸ್ಕ್ ಯಾಕೆ ಕಾಣಲಿಲ್ಲ? ಹೇಳೋಕೇ ನಾಚಿಕೆ. ಬ್ಲೇಡಿನ ಅಂಚನ್ನು ಜೆಟ್ ಹರಿಯುವ ದಿಕ್ಕಿಗೇ ಇಟ್ಟಿದ್ದೆ. ಹಾಗಿಟ್ಟರೆ ಎಡಬಲದ ಅಂಚುಗಳು ಚೆನ್ನಾಗಿ ಕಾಣುತ್ತವೆ. ಡಿಸ್ಕ್ ಇರುವುದು ಹರಿವಿಗೆ ಅಡ್ಡಲಾಗಿ, ಅಲ್ಲಿ ಸಾಂದ್ರತೆ ಬದಲಾಗುವುದು ಉದ್ದಕ್ಕೆ. ಬ್ಲೇಡನ್ನು ಕಾಲು ಸುತ್ತು ತಿರುಗಿಸಿದೆ, ಗೆರೆ ಬಂತು. ಐದು ವಾರ ಕನ್ನಡಿ ಒರೆಸಿದ್ದೇ ಒರೆಸಿದ್ದು!

ಒಳಗೆ ಆಗುವುದು ಹೀಗೆ. ಒಳಗಿನ ಒತ್ತಡ ಹೊರಗಿನದಕ್ಕಿಂತ 1.89 ಪಟ್ಟು ದಾಟಿದರೆ ನಾಜಲ್ ಬಾಯಲ್ಲಿ ಗಾಳಿ ಶಬ್ದದ ವೇಗ ಮುಟ್ಟುತ್ತದೆ. ಅಲ್ಲಿಂದಾಚೆ ಒತ್ತಡ ಎಷ್ಟು ಏರಿಸಿದರೂ ಬಾಯಲ್ಲಿ ವೇಗ ಏರುವುದಿಲ್ಲ, ಮಿಕ್ಕ ಒತ್ತಡವನ್ನು ಹೊತ್ತುಕೊಂಡೇ ಗಾಳಿ ಹೊರಬೀಳುತ್ತದೆ. ಹೊರಬಿದ್ದ ಮೇಲೆ ಉಬ್ಬುತ್ತದೆ. ಬೇಕಾದ್ದಕ್ಕಿಂತ ಜಾಸ್ತಿ ಉಬ್ಬಿ, ಒತ್ತಡ ಹೊರಗಿನದಕ್ಕಿಂತ ಕೆಳಗಿಳಿಯುತ್ತದೆ. ಆಮೇಲೆ ಡಿಸ್ಕ್‌ನಲ್ಲಿ ಒಂದೇ ಏಟಿಗೆ ಮತ್ತೆ ಒತ್ತಿಕೊಳ್ಳುತ್ತದೆ. ಡಿಸ್ಕ್ ದಾಟಿದ ನಡುವಿನ ಗಾಳಿ ಶಬ್ದಕ್ಕಿಂತ ನಿಧಾನ, ಸುತ್ತಲಿನ ಉಂಗುರ ಇನ್ನೂ ಶಬ್ದಕ್ಕಿಂತ ಜೋರು.

ಡಿಸ್ಕ್ ಎಷ್ಟು ದೂರದಲ್ಲಿ ನಿಲ್ಲುತ್ತದೆ ಅನ್ನುವುದಕ್ಕೆ ಸುಲಭದ ಸೂತ್ರ ಇದೆ: ತೂತಿನ ವ್ಯಾಸದ 0.67 ಪಟ್ಟನ್ನು ಒಳಗಿನ, ಹೊರಗಿನ ಒತ್ತಡಗಳ ಅನುಪಾತದ ವರ್ಗಮೂಲದಿಂದ ಗುಣಿಸಿ. ನಮ್ಮೂರು ಸುಮಾರು 600 ಮೀಟರ್ ಎತ್ತರದಲ್ಲಿದೆ, ಹೊರಗಿನ ಒತ್ತಡ 0.94 ಬಾರ್. ಟ್ಯಾಂಕ್ ಮೀಟರಿನಲ್ಲಿ 7 ಕೆಜಿ (ಚದರ ಸೆಂಟಿಮೀಟರಿಗೆ, ಹೊರಗಿನ ಒತ್ತಡದ ಮೇಲೆ) ಇದ್ದರೆ ಲೆಕ್ಕಕ್ಕೆ 3.9 ಮಿಮೀ ಬರಬೇಕು. ಫೋಟೊದಲ್ಲಿ ಅಳೆದರೆ 3.4. ಸೂತ್ರವನ್ನೇ ಬೈಯಲು ಹೊರಟಿದ್ದೆ. ನಾಜಲ್ ಹಿಂದೆಯೇ ಮೂರು ಬಾಯಿಯ ಟೀ ಜೋಡಣೆ ಹಾಕಿ ಮೀಟರ್ ಕೂರಿಸಿ ನೋಡಿದರೆ ಅಲ್ಲಿರುವುದು ಐದೂವರೆ ಕೆಜಿ! ಎಂಟು ಮೀಟರ್ ಸಣ್ಣ ಪೈಪೇ ಒಂದೂವರೆ ಕೆಜಿ ನುಂಗಿತ್ತು. ಐದೂವರೆಗೆ ಲೆಕ್ಕ ಹಾಕಿದರೆ 3.5 ಮಿಮೀ. ಸೂತ್ರಕ್ಕೆ ಕ್ಷಮೆ ಕೇಳಿ, ದಪ್ಪ ಪೈಪ್ ತಂದೆ.

ಆಟೋಗಳ ಸಿಎನ್‌ಜಿ ಸಿಲಿಂಡರ್ ತುಂಬಿದಾಗ 200 ಬಾರ್. ಅದರಲ್ಲಿ ಸಣ್ಣ ತೂತು ಬಿದ್ದರೆ ಡಿಸ್ಕ್ ನಿಲ್ಲುವುದು ತೂತಿನ ವ್ಯಾಸದ ಸುಮಾರು ಹತ್ತು ಪಟ್ಟು ಆಚೆ. ಇದು ಕಾಗದದ ಲೆಕ್ಕ ಮಾತ್ರ. ಗ್ಯಾಸ್ ಹತ್ತಿರ ನಾನು ಹೋಗುವುದಿಲ್ಲ, ನೀವೂ ಹೋಗಬೇಡಿ.

ಇನ್ನು ಕಂಪ್ರೆಸರ್ ವಿಷಯ. 2 ಮಿಮೀ ತೂತು ಕುಡಿಯುವಷ್ಟು ಗಾಳಿ ಕೊಡಲು ಅದಕ್ಕೆ ಆಗುವುದಿಲ್ಲ. ಮುಳ್ಳು ಇಳಿಯುತ್ತಲೇ ಇರುತ್ತದೆ. “ಇಷ್ಟ್ ಗಾಳಿಗೆ ಎರಡು ಲಾರಿ ಟೈರ್ ತುಂಬ್ತಿದ್ವು ನೋಡ್ರಿ ಸರ” ಅಂತ ಚಾಚಾ ಗೊಣಗಿದರು. ಕೊನೆಗೆ ಮೋಟರ್ ಆಫ್ ಮಾಡಿಸಿ, ವಿಡಿಯೋ ಹಚ್ಚಿ ಸುಮ್ನೆ ಕೂತೆ. ಒತ್ತಡ ಇಳಿದಂತೆ ಡಿಸ್ಕ್ ನಾಜಲ್ ಕಡೆಗೆ ತೆವಳಿಕೊಂಡು ಬಂತು, ಬರುತ್ತಾ ಬರುತ್ತಾ ಕಿರಿದಾಯಿತು. ಮೂರು ಕೆಜಿ ಹತ್ತಿರ ಚುಕ್ಕಿಯಾಗಿ ಮಾಯ. ಅದರ ಜಾಗದಲ್ಲಿ ಗುಣಿಸುವ ಚಿಹ್ನೆಯಂತೆ ಎರಡು ಗೆರೆ, ಅದರಾಚೆ ಸಾಲಾಗಿ ವಜ್ರದಾಕಾರದ ಆಘಾತದ ಗೆರೆಗಳು. ಒಂದು ಕೆಜಿ ಕೆಳಗೆ ಅವೂ ಇಲ್ಲ. ಆರು ನಿಮಿಷದಲ್ಲಿ ಇಡೀ ಅಧ್ಯಾಯ ಮುಗಿಯಿತು. ದೊಡ್ಡ ಕಂಪ್ರೆಸರ್ ಇದ್ದಿದ್ದರೆ ಈ ವಿಡಿಯೋ ಸಿಗುತ್ತಲೇ ಇರಲಿಲ್ಲ.

ಅಂದ ಹಾಗೆ, 1889ರ ಹೊತ್ತಿಗೆ ಭೌತವಿಜ್ಞಾನಿ ಪೀಟರ್ ಸಾಲ್ಕರ್ ಇಂಥ ಜೆಟ್‌ಗಳನ್ನು ನೋಡಿದ್ದು ಫಿಯೂಮೆ (ಈಗ ಕ್ರೊಯೇಷಿಯಾದ ರಿಯೇಕಾ) ಊರಿನ ಟಾರ್ಪಿಡೊ ಕಾರ್ಖಾನೆಯ ಗಾಳಿಯಲ್ಲಿ. ಟಾರ್ಪಿಡೊ ಓಡುತ್ತಿದ್ದುದೇ ಒತ್ತಿ ತುಂಬಿದ ಗಾಳಿಯಿಂದ. ಅವರೂ ಗಾಳಿ ಇದ್ದ ಕಡೆ ಹೋದವರೇ, ಅಲ್ವಾ?

ನನಗೆ ನಿಜವಾಗಿ ಬೇಕಿರುವುದು ಜೆಟ್‌ನ ಅಂಚು. ಹೊರಗಿನ ಗಾಳಿ ಒಳಗೆ ಬೆರೆಯುವುದು ಅಲ್ಲಿಂದ. ಶಬ್ದಕ್ಕಿಂತ ಜೋರಾಗಿ ಓಡುವ ಕಡೆ ಆ ಬೆರಕೆಯ ಪದರ ಬೇಗ ಅಗಲವಾಗುವುದಿಲ್ಲ. ನನ್ನ ಫೋಟೊದಲ್ಲಂತೂ ಅಂಚು ರೇಷ್ಮೆಯಂತೆ ನುಣುಪು. ಬೆರಕೆಯೇ ಇಲ್ಲವೇನೋ ಅಂದುಕೊಂಡಿದ್ದೆ. ತಪ್ಪು ಕ್ಯಾಮೆರಾದ್ದು. ಆಘಾತದ ಗೆರೆಗಳು ನಿಂತಲ್ಲೇ ನಿಲ್ಲುತ್ತವೆ, ಯಾವ ಫೋನಿಗಾದರೂ ಸಿಗುತ್ತವೆ. ಅಂಚಿನಲ್ಲಿ ಗಾಳಿ ಬೆರೆಸುವ ಸುಳಿಗಳು ನಿಲ್ಲುವುದಿಲ್ಲ. ಫೋನಿನ ಶಟರ್ ತೆರೆದಿರುವ 1/4000 ಸೆಕೆಂಡಿನಲ್ಲಿ, ಸೆಕೆಂಡಿಗೆ 300 ಮೀಟರ್ ಓಡುವ ಸುಳಿ ಏಳೂವರೆ ಸೆಂಟಿಮೀಟರ್ ದಾಟಿರುತ್ತದೆ. ನನಗೆ ಕಂಡ ನುಣುಪು ನೂರಾರು ಸುಳಿಗಳ ಸರಾಸರಿ.

ಬೆಳಕೇ 1 ಮೈಕ್ರೋಸೆಕೆಂಡ್ ಮಿಂಚಿ ಆರಿದರೆ ಸುಳಿ 0.3 ಮಿಮೀ ಮಾತ್ರ ಸರಿಯುತ್ತದೆ. ಸರ್ಕ್ಯೂಟ್ ಬ್ರೆಡ್‌ಬೋರ್ಡ್ ಮೇಲಿದೆ. ಎರಡು ಎಲ್‌ಇಡಿ ಸುಟ್ಟವು. ಮೂರನೆಯದು ಮಿಂಚುತ್ತಿದೆ, ಬೆಳಕು ಸಾಲುತ್ತಿಲ್ಲ. ನಿನ್ನೆ ರಾತ್ರಿ ತೆಗೆದ ನಲವತ್ತು ಫೋಟೊಗಳೂ ಪೂರ್ತಿ ಕಪ್ಪು.