48 ಕೆ.ಜಿ. ವಿಭಾಗದ ಹದಿನಾರು ವರ್ಷಗಳು

ನಾನು ಈ ಕಾಲೇಜಿನ ಪಿ.ಯು.ಸಿ. ತರಗತಿಗೆ ಸೇರಿದ್ದು 1996ರಲ್ಲಿ. ಅಟ್ಲಾಂಟಾ ಒಲಿಂಪಿಕ್ಸ್ ನಡೆಯುತ್ತಿದ್ದ ಆ ದಿನಗಳಲ್ಲಿ ನಮ್ಮ ದೈಹಿಕ ಶಿಕ್ಷಣ ನಿರ್ದೇಶಕರು ಪತ್ರಿಕೆಯಿಂದ ಕತ್ತರಿಸಿದ ಸಣ್ಣ ಸುದ್ದಿಯೊಂದನ್ನು ಜಿಮ್ಖಾನಾ ಕೊಠಡಿಯ ಫಲಕಕ್ಕೆ ಅಂಟಿಸಿದರು. ಸತತ 84 ಪಂದ್ಯಗಳನ್ನು ಗೆದ್ದು ಬಂದಿದ್ದ ಜಪಾನಿನ ಜೂಡೋ ಆಟಗಾರ್ತಿ ರಿಯೋಕೊ ತಮುರಾ, 48 ಕೆ.ಜಿ. ವಿಭಾಗದ ಫೈನಲ್‌ನಲ್ಲಿ ಉತ್ತರ ಕೊರಿಯಾದ ಹದಿನಾರರ ಹುಡುಗಿ ಕ್ಯೆ ಸುನ್ ಹುಯಿಗೆ ಸೋತಿದ್ದರು. ಗೆದ್ದವಳನ್ನು ಬಿಟ್ಟು ಸೋತವಳ ಚಿತ್ರವನ್ನೇಕೆ ಅಂಟಿಸಿದಿರಿ ಎಂದು ನಾವು ಕೇಳಿದಾಗ, ‘ಇವಳು ಮುಂದೆ ಏನು ಮಾಡುತ್ತಾಳೆಂದು ನೋಡುತ್ತಿರಿ’ ಎಂದಷ್ಟೇ ಹೇಳಿದರು.

ಅದೇ ಕೊಠಡಿಯಲ್ಲಿ ನಾನು ಜೂಡೋ ಕಲಿತೆ. ಮೊದಲ ಮೂರು ತಿಂಗಳು ಬೀಳುವುದನ್ನು ಬಿಟ್ಟು ಬೇರೇನನ್ನೂ ಅವರು ಕಲಿಸಲಿಲ್ಲ. ಗಲ್ಲವನ್ನು ಎದೆಗೆ ಒತ್ತಿಕೊಂಡು, ಬೆನ್ನು ನೆಲ ಮುಟ್ಟುವ ಕ್ಷಣಕ್ಕೆ ಸರಿಯಾಗಿ ಇಡೀ ತೋಳಿನಿಂದ ಚಾಪೆಯನ್ನು ಬಡಿಯಬೇಕಿತ್ತು; ಸಂಜೆಯ ಹೊತ್ತಿಗೆ ಮೊಣಕೈಯಿಂದ ಬೆರಳ ತುದಿಯವರೆಗೆ ಚರ್ಮ ಕೆಂಪಗಾಗಿ ಉರಿಯುತ್ತಿತ್ತು. ನನ್ನ ತೂಕವೂ 48 ಕೆ.ಜಿ.ಯೊಳಗೇ ಇದ್ದುದರಿಂದ ಫಲಕದ ಮೇಲಿನ ಆ ಮುಖ ನನಗೆ ಬೇಗನೆ ಆಪ್ತವಾಯಿತು.

ತಮುರಾ ಹುಟ್ಟಿದ್ದು 1975ರಲ್ಲಿ, ಫುಕುವೊಕಾದಲ್ಲಿ. ಎತ್ತರ ಕೇವಲ 146 ಸೆಂಟಿಮೀಟರ್. ಆದರೆ ಭುಜದ ಮೇಲಿಂದ ಎಸೆಯುವ ಸಿಯೊಯಿ ನಾಗೆ ಪಟ್ಟಿಗೆ ಎದುರಾಳಿಯ ಸೊಂಟಕ್ಕಿಂತ ಕೆಳಗೆ ನುಸುಳಬೇಕಾಗುತ್ತದೆ. ಎತ್ತರದವರು ಮೊಣಕಾಲು ಮಡಿಸಿ ಇಳಿಯುವಷ್ಟರಲ್ಲಿ ಆಕೆ ಆಗಲೇ ಅಲ್ಲಿರುತ್ತಿದ್ದರು. ಕುಳ್ಳಿಯೆಂದು ಕೊರಗುತ್ತಿದ್ದ ನನಗೆ ನಮ್ಮ ನಿರ್ದೇಶಕರು ಇದನ್ನು ಮತ್ತೆ ಮತ್ತೆ ಮಾಡಿ ತೋರಿಸಿದ್ದು ಇಂದಿಗೂ ಕಣ್ಣಿಗೆ ಕಟ್ಟಿದಂತಿದೆ.

ಮಹಿಳೆಯರ ಜೂಡೋ ಪದಕ ಸ್ಪರ್ಧೆಯಾಗಿ ಒಲಿಂಪಿಕ್ಸ್ ಸೇರಿದ್ದೇ 1992ರಲ್ಲಿ, ಬಾರ್ಸಿಲೋನಾದಲ್ಲಿ. ಅಲ್ಲಿ ಹದಿನಾರನೆಯ ವಯಸ್ಸಿನ ತಮುರಾ ಫೈನಲ್‌ನಲ್ಲಿ ಫ್ರಾನ್ಸಿನ ಸೆಸಿಲ್ ನೊವಾಕ್‌ಗೆ ಸೋತು ಬೆಳ್ಳಿ ಪಡೆದರು. ಅಟ್ಲಾಂಟಾದ್ದು ಎರಡನೆಯ ಬೆಳ್ಳಿ. ಆ ನಡುವೆ 1993 ಮತ್ತು 1995ರಲ್ಲಿ ವಿಶ್ವ ಚಾಂಪಿಯನ್ ಆಗಿದ್ದವರು, ಅಟ್ಲಾಂಟಾದ ನಂತರ 1997 ಮತ್ತು 1999ರಲ್ಲಿಯೂ ಆ ಪಟ್ಟವನ್ನು ಬಿಟ್ಟುಕೊಡಲಿಲ್ಲ. ಆದರೂ ಒಲಿಂಪಿಕ್ಸ್ ಚಿನ್ನವೊಂದು ಬಾಕಿಯಿತ್ತು. ಸಿಡ್ನಿಗೆ ಹೊರಡುವಾಗ ‘ಹೆಚ್ಚೆಂದರೆ ಚಿನ್ನ, ಕಡಿಮೆಯೆಂದರೂ ಚಿನ್ನ’ ಎಂದು ಅವರು ಹೇಳಿದ್ದರು. ಎರಡು ಸಲ ಕೈತಪ್ಪಿದ ಮೇಲೆ ಇಡೀ ದೇಶದ ಮುಂದೆ ಹಾಗೆ ಹೇಳುವುದಕ್ಕೆ ಎಂಥ ಎದೆಗಾರಿಕೆ ಬೇಕೆಂಬುದು, ಅಂತರ ಕಾಲೇಜು ಪಂದ್ಯದ ಹಿಂದಿನ ರಾತ್ರಿಯೇ ನಿದ್ದೆಗೆಡುತ್ತಿದ್ದ ನನಗೆ ಚೆನ್ನಾಗಿ ಅರ್ಥವಾಗುತ್ತಿತ್ತು.

2000ದ ಸೆಪ್ಟೆಂಬರ್ 16ರಂದು ನಡೆದ ಸಿಡ್ನಿಯ ಫೈನಲ್ ಒಂದು ನಿಮಿಷವನ್ನೂ ತೆಗೆದುಕೊಳ್ಳಲಿಲ್ಲ. ರಷ್ಯಾದ ಲ್ಯುಬೋವ್ ಬ್ರುಲೆಟೋವಾರನ್ನು ಒಳತೊಡೆಗೆ ಕಾಲು ಕೊಟ್ಟು ಎಸೆಯುವ ಉಚಿ ಮಾತಾದಿಂದ ಎತ್ತಿ ಕೆಡವಿದೊಡನೆ, ಪಂದ್ಯವನ್ನು ಅಲ್ಲಿಗೇ ಮುಗಿಸುವ ಪೂರ್ಣ ಅಂಕವಾದ ಇಪ್ಪಾನ್ ಘೋಷಣೆಯಾಯಿತು. ಆಗ ನಾನು ಅಂತಿಮ ಪದವಿಯಲ್ಲಿದ್ದೆ. ಮರುದಿನ ಫಲಕದ ಮೇಲೆ, ಹಳದಿಗಟ್ಟಿದ್ದ ಆ ಹಳೆಯ ತುಣುಕಿನ ಪಕ್ಕದಲ್ಲೇ ಹೊಸದೊಂದು ಬಂತು.

ಅನಂತರ ಅವರು ಬೇಸ್‌ಬಾಲ್ ಆಟಗಾರ ಯೋಶಿತೊಮೊ ತಾನಿಯವರನ್ನು ಮದುವೆಯಾಗಿ ರಿಯೋಕೊ ತಾನಿಯಾದರು. 2004ರಲ್ಲಿ ಕಾಲಿನ ಗಾಯದೊಂದಿಗೆ ಅಥೆನ್ಸಿಗೆ ಹೋಗಿ ಮತ್ತೆ ಚಿನ್ನ ಗೆದ್ದರು. ತಾಯಿಯಾದ ಮೇಲೆ, 2007ರಲ್ಲಿ, ರಿಯೋ ಡಿ ಜನೈರೊದಲ್ಲಿ ಏಳನೆಯ ವಿಶ್ವ ಪ್ರಶಸ್ತಿಯನ್ನು ತಮ್ಮದಾಗಿಸಿಕೊಂಡರು.

ಆದರೆ ಅವರ ಪದಕಗಳಲ್ಲಿ ನನ್ನ ಮನಸ್ಸಿಗೆ ಎಲ್ಲಕ್ಕಿಂತ ಹತ್ತಿರವಾದದ್ದು 2008ರ ಬೀಜಿಂಗ್ ಕಂಚು. ಸೆಮಿಫೈನಲ್ ಮುಗಿಯಲು ಕೆಲವೇ ಸೆಕೆಂಡುಗಳಿದ್ದಾಗ ಬಿದ್ದ ದಂಡನೆಯಿಂದ ರೊಮೇನಿಯಾದ ಅಲಿನಾ ಡುಮಿತ್ರುಗೆ ಸೋತ ಅವರು, ಅದೇ ದಿನ ಕಂಚಿನ ಪಂದ್ಯಕ್ಕಾಗಿ ಮತ್ತೆ ಚಾಪೆಯ ಮೇಲೆ ಬಂದು ನಿಂತರು. ಐದು ಒಲಿಂಪಿಕ್ಸ್, ಐದು ಪದಕ, ಎಲ್ಲವೂ ಒಂದೇ ತೂಕದಲ್ಲಿ. ಆ ಸಂಜೆ, ನಿವೃತ್ತರಾಗಿದ್ದ ನಮ್ಮ ನಿರ್ದೇಶಕರಿಗೆ ಫೋನ್ ಮಾಡಿ ಫಲಿತಾಂಶ ತಿಳಿಸಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಕಂಚನ್ನು ಹೇಗೆ ಗೆದ್ದಳು?’ ಎಂದು ಕೇಳಿದರು.

‘ಇಪ್ಪಾನ್, ಸಾರ್,’ ಎಂದೆ.