ಯಾವ ಆಸ್ಪತ್ರೆ ಒಳ್ಳೆಯದು?

ನಮ್ಮ ಬಳಗದಲ್ಲಿ ಯಾರಿಗಾದರೂ ಕುಬಸ (ಸೀಮಂತ) ಮಾಡಿದ ಮರುದಿನವೇ ನನಗೆ ಫೋನ್ ಬರುತ್ತದೆ: ‘ಹೆರಿಗೆಗೆ ಬಾಗಲಕೋಟೆಯಲ್ಲಿ ಯಾವ ಆಸ್ಪತ್ರೆ ಒಳ್ಳೆಯದು?’ ಎರಡು ವರ್ಷದ ಹಿಂದೆ ಗುಳೇದಗುಡ್ಡದ ತವರಿನಿಂದ ಅಲ್ಲಿಗೆ ಹೋಗಿ, ಸಿಜೇರಿಯನ್ ಆಗಿ, ಏಳು ದಿನ ಇದ್ದು ಬಂದವಳಲ್ಲವೇ ನಾನು? ಆದರೆ ಯಾರಿಗೂ ಹೆಸರು ಹೇಳುವುದಿಲ್ಲ. ‘ರಾತ್ರಿ ಎರಡು ಗಂಟೆಗೆ ಬಾಣಂತಿಯರ ವಾರ್ಡಿನಲ್ಲಿ ಯಾರಿರುತ್ತಾರೆ, ಕೇಳಿಕೊಂಡು ಬಾ’ ಎನ್ನುತ್ತೇನೆ.

ಆಪರೇಷನ್ ಕೋಣೆಯಲ್ಲಿ ನನ್ನ ಸುತ್ತ ಒಂದು ಸಂತೆಯೇ ಇತ್ತು. ಕೂಸು ಹೊರಬಂದು ವಾರ್ಡಿಗೆ ಬಂದ ಮೇಲೆ ನಾನು, ನಮ್ಮ ಅವ್ವ, ಒಂದು ಫ್ಯಾನು.

ಎರಡನೆಯ ರಾತ್ರಿ ಕೂಸು ಮೊಲೆ ಹಿಡಿಯದೆ ಅತ್ತು ಅತ್ತು ಕೆಂಪಾಯಿತು. ಸಿಸ್ಟರ್ ಕುರ್ಚಿ ಖಾಲಿ. ಎರಡು ಮಹಡಿಗೆ ಒಬ್ಬಳೇ, ಅವಳನ್ನು ಬೈದು ಏನು ಪ್ರಯೋಜನ? ಅವ್ವ ಚೀಲದಿಂದ ಜೇನಿನ ಬಾಟಲಿ ತೆಗೆದಳು. ವರ್ಷ ತುಂಬುವ ತನಕ ಜೇನು ಕೊಡಬಾರದು ಎಂದು ಓದಿದ್ದೆ. ಎದ್ದು ಕೈ ಹಿಡಿಯೋಣವೆಂದರೆ ಹೊಲಿಗೆ ಬಿಡಲಿಲ್ಲ. ಅಷ್ಟರಲ್ಲಿ ನೆಲ ಒರೆಸುತ್ತಿದ್ದ ಆಯಾ ಕೋಲನ್ನು ಗೋಡೆಗೆ ಆನಿಸಿ, ಕೈ ತೊಳೆದುಕೊಂಡು ಬಂದಳು. ‘ಹೊಟ್ಟೆಯ ಮೇಲೆ ಯಾಕೆ ಹಾಕಿಕೊಂಡಿದ್ದೀ? ಕೊಡ ಹಿಡಿದಂತೆ ಬಗಲಲ್ಲಿ ಹಿಡಿ’ ಎಂದು ಕೂಸಿನ ಕಾಲುಗಳನ್ನು ನನ್ನ ತೋಳಿನಡಿ ಹಿಂದಕ್ಕೆ ತಳ್ಳಿದಳು. ಬಾಯಿ ದೊಡ್ಡದಾಗಿ ತೆರೆಯುವ ತನಕ ಕಾಯಿಸಿದಳು. ತೊಟ್ಟಷ್ಟೇ ಸಾಲದು, ಸುತ್ತಲಿನ ಕಪ್ಪೂ ಬಾಯೊಳಗೆ ಹೋಗಬೇಕಂತೆ. ಸ್ವಲ್ಪ ಹೊತ್ತಿಗೆ ಗುಟುಕ್ ಗುಟುಕ್ ಎಂದು ಕೇಳಿಸಿತು. ಅವ್ವ ಮಾತಾಡದೆ ಬಾಟಲಿಯನ್ನು ಚೀಲದ ತಳಕ್ಕೆ ಸೇರಿಸಿದಳು.

ಆಮೇಲೆ ಕಾಮಾಲೆ. ಹುಟ್ಟಿದ ಕೂಸುಗಳಲ್ಲಿ ಇದು ಸಾಮಾನ್ಯವೆಂದರು, ನೀಲಿ ಬೆಳಕಿನ ಕೆಳಗೆ ಮಲಗಿಸಿದರು. ಐದನೆಯ ದಿನವೂ ಅಲ್ಲೇ ಬಂತು. ಶೆಟಗೆವ್ವ ಬಂದು ಹಣೆಬರಹ ಬರೆಯುವ ರಾತ್ರಿ! ದೀಪ ಹಚ್ಚಲು ಸಿಸ್ಟರ್ ಒಪ್ಪಲಿಲ್ಲ, ಬಿಳಿ ಹಾಳೆ, ಪೆನ್ನು ಇಡಲು ಒಪ್ಪಿದಳು. ಕೂಸಿನ ಕಣ್ಣಿಗೆ ಕಟ್ಟಿದ್ದ ಪಟ್ಟಿ ಹಣೆಯವರೆಗೂ ಬಂದಿತ್ತು. ಅವ್ವ ಅದನ್ನು ಎರಡು ಸಲ ಕೆಳಗೆ ಜಗ್ಗಿದಳು, ಬರೆಯಲು ಜಾಗ ಬೇಕಲ್ಲ.

ಸರ್ಕಾರಿಯೋ, ಖಾಸಗಿಯೋ ಎಂದೂ ಕೇಳುತ್ತಾರೆ. 2011ರಿಂದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಸರ್ಕಾರಿ ಆಸ್ಪತ್ರೆಯಲ್ಲಿ ಸಿಜೇರಿಯನ್, ಔಷಧ, ರಕ್ತ ಎಲ್ಲ ಉಚಿತ. ಸಹಜ ಹೆರಿಗೆಗೆ 3 ದಿನ, ಸಿಜೇರಿಯನ್‌ಗೆ 7 ದಿನ ಊಟ, ಮನೆಗೆ ಬಿಡಲು ವಾಹನವೂ ಉಂಟು. ದುಡ್ಡಿನ ಲೆಕ್ಕ ಅವರವರದು. ರಾತ್ರಿ ಎರಡು ಗಂಟೆಯ ಪ್ರಶ್ನೆಯನ್ನು ಮಾತ್ರ ಎರಡೂ ಕಡೆ ಕೇಳಬೇಕು.

ಮನೆಗೆ ಬಂದ ಮೇಲೂ ಬಾಗಿಲಿಗೆ ಬಂದವಳು ಆಶಾ ಕಾರ್ಯಕರ್ತೆಯೇ. 3, 7, 14, 21, 28, 42ನೆಯ ದಿನ ಬರಬೇಕೆಂಬುದು ಅವರ ಲೆಕ್ಕ. ನಮ್ಮ ಮೊದಲೆರಡು ಆಸ್ಪತ್ರೆಯಲ್ಲೇ ಕಳೆದಿದ್ದವು. ಹದಿನಾಲ್ಕಕ್ಕೆ ಬಂದವಳು ಕೂಸನ್ನು ಜೋಳಿಗೆಯಲ್ಲಿಟ್ಟು ತೂಕ ನೋಡಿದಳು, ಹೊರಸಿನ ಕೆಳಗಿನ ಕೆಂಡದ ಬುಟ್ಟಿ ನೋಡಿ ಮೂಗು ಮುಚ್ಚಿಕೊಂಡಳು. ಕೆಂಡ ಹೊರಗೆ ಹೋಯಿತು. ಅಂಟಿನ ಉಂಡೆಗೆ ಅವಳ ತಕರಾರು ಇರಲಿಲ್ಲ, ಎರಡು ತಿಂದೇ ಹೋದಳು.

ಹೋದ ವಾರ ಚಿಕ್ಕಪ್ಪನ ಮಗಳು ನಿಜವಾಗಿಯೂ ಹೋಗಿ ಕೇಳಿದಳಂತೆ. ಒಂದು ಕಡೆ, ‘ಅದೆಲ್ಲ ನಿಮಗೇಕೆ?’ ಎಂದರಂತೆ. ಇನ್ನೊಂದು ಕಡೆ ಕೌಂಟರಿನ ಹುಡುಗಿ ಗೋಡೆಗೆ ಅಂಟಿಸಿದ್ದ ರಾತ್ರಿ ಪಾಳಿಯ ಪಟ್ಟಿ ತೋರಿಸಿದಳಂತೆ. ಅಲ್ಲೇ ಹೆಸರು ಬರೆಸಿ ಬಂದಿದ್ದಾಳೆ.